ಒಂದೆಳೆ ಪಾಕ

ಆ ಊರು ಯಾವ ದಿಕ್ಕಿಗಿದೆ ಎಂದು ನನ್ನನ್ನು ಕೇಳಬೇಡಿ. ಹೇಳಿದರೆ ನೀವು ಸುಮ್ಮನಿರುವವರಲ್ಲ. ನೋಡಿಕೊಂಡು ಬರುತ್ತೇವೆ ಎಂದು ಹೊರಟು ಅಲ್ಲೇ ಮನೆ ಮಾಡಿಬಿಡುತ್ತೀರಿ. ಅಷ್ಟು ಹಿತವಾದ ಊರು ಅದು. ಸುತ್ತ ಎತ್ತರದ ಗೋಡೆ, ಗೋಡೆಗೆ ಒಂದೇ ಬಾಗಿಲು, ಗೋಡೆಯ ಒಳಗೆ ಒಂದೇ ಕಟ್ಟಳೆ. ಯಾರಾದರೂ ‘ಚೆನ್ನಾಗಿದ್ದೀರಾ?’ ಎಂದು ಕೇಳಿದರೆ ‘ಚೆನ್ನಾಗಿದ್ದೀನಿ’ ಎನ್ನಬೇಕು. ಬೇರೆ ಉತ್ತರ ಅಲ್ಲಿ ನಡೆಯುವುದಿಲ್ಲ.

ಇದೇನು ಮಹಾ, ನಮ್ಮಲ್ಲೂ ಹಾಗೇ ತಾನೇ ಎನ್ನುತ್ತೀರಿ. ನಿಮ್ಮಲ್ಲಿ ಅದು ಬಾಯಿಮಾತು, ಅಲ್ಲಿ ಕಟ್ಟಳೆ. ‘ಇಲ್ಲ’ ಎಂದವನಿಗೆ ಆ ಊರು ಹೆಗಲು ಕೊಡುತ್ತಿರಲಿಲ್ಲ. ಸತ್ತವನನ್ನು ಎತ್ತಲು ನಾಲ್ಕು ಹೆಗಲು ಬೇಕಲ್ಲ, ಆ ನಾಲ್ಕು ಹೆಗಲ ಮೇಲಿನ ಆಸೆಗೆ ಊರಿಗೆ ಊರೇ ಬದುಕಿರುವಷ್ಟು ದಿನ ಚೆನ್ನಾಗಿರುತ್ತಿತ್ತು. ಹಲ್ಲುನೋವಿನವನು ಕೆನ್ನೆ ಹಿಡಿದುಕೊಂಡು ಚೆನ್ನಾಗಿದ್ದ. ಬಿಸಿಲಲ್ಲಿ ತಲೆ ಸುತ್ತಿ ಬಿದ್ದವಳು ಬಿದ್ದಲ್ಲೇ ಚೆನ್ನಾಗಿದ್ದಳು. ಸಾರಿಗೆ ಉಪ್ಪು ಸುರಿದುಹೋಗಿದ್ದರೆ ಸಾರೂ ಚೆನ್ನಾಗಿತ್ತು. ಯುಗಾದಿಯ ದಿನ ಬೇವಿಲ್ಲದೆ ಬರೀ ಬೆಲ್ಲ ಹಂಚಿ ಅದನ್ನು ಬೆಲ್ಲ-ಬೆಲ್ಲ ಎಂದು ಕರೆಯುತ್ತಿದ್ದರು. ನಾತ ಎನ್ನುವ ಮಾತು ಯಾರ ಬಾಯಲ್ಲೂ ಇರಲಿಲ್ಲ. ಮೂಗಿಗೆ ಬಂದದ್ದೆಲ್ಲ ಪರಿಮಳ.

ವಾಸಿಯಾಗದ ಕಾಯಿಲೆ ಬಂದವರಿಗೆ ಆ ಊರಿನಲ್ಲಿ ಪಾಕ ಕೊಡುತ್ತಿದ್ದರು. ದಿನಾ ಬೆಳಿಗ್ಗೆ ಊರಿನವರು ಸಾಲಾಗಿ ಬಂದು, ಒಬ್ಬೊಬ್ಬರೂ ಒಂದೊಂದು ಚಮಚ ಬೆಲ್ಲದ ಪಾಕವನ್ನು ಕಾಯಿಲೆಯವರ ಬಾಯಿಗೆ ಹಾಕಿ ‘ಚೆನ್ನಾಗಿದ್ದೀರಾ?’ ಎಂದು ಕೇಳಬೇಕು. ಅವರು ನುಂಗಿ ‘ಚೆನ್ನಾಗಿದ್ದೀನಿ’ ಎನ್ನಬೇಕು. ನುಂಗಲಾಗದವರು ತಲೆಯಾಡಿಸಿದರೂ ಆಗುತ್ತಿತ್ತು. ತಲೆಯೂ ಆಡದಿದ್ದರೆ ಊರಿನ ಕಟ್ಟಳೆ ನೋಡಿಕೊಳ್ಳುವ ಹಿರಿಯಮ್ಮ ಗಲ್ಲ ಹಿಡಿದು ಆಡಿಸುತ್ತಿದ್ದಳು.

ಈ ಕಥೆಯ ಮಗಳು ಆ ಪಾಕ ಕಾಯಿಸುವವನ ಮಗಳು.

ಪಾಕದವನ ಕೈಗೆ ಸಾಟಿಯಿರಲಿಲ್ಲ. ಸೌಟಿನ ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದು ನೋಡುತ್ತಿದ್ದ. ಎರಡೆಳೆ ಬಂದರೆ ಹಬ್ಬದ ಉಂಡೆಗೆ. ಒಂದೆಳೆ ಬಂದರೆ ಸಾಯುವವರ ಗಂಟಲಿಗೆ. ಒಂದೆಳೆ ಪಾಕ ಅಂಟುವುದಿಲ್ಲ, ನೀರಿನ ಹಾಗೆ ಇಳಿದುಹೋಗುತ್ತದೆ. ಹಾಗಾಗಿ ಊರಿನಲ್ಲಿ ‘ಅವರ ಮನೇಲಿ ಒಂದೆಳೆ ಇಟ್ಟಿದ್ದಾರೆ’ ಎಂದರೆ ಅದರ ಅರ್ಥ ಎಲ್ಲರಿಗೂ ತಿಳಿಯುತ್ತಿತ್ತು, ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಮಗಳ ಮನೆಯಲ್ಲಿ ಒಮ್ಮೆ ಆಗಲೇ ಒಂದೆಳೆ ಇಟ್ಟಿದ್ದರು. ತಾಯಿ ಹೋದಾಗ ಅವಳು ಚಿಕ್ಕವಳು. ಅವಳಿಗೆ ನೆನಪಿರುವುದು ತಾಯಿಯ ಮುಖವಲ್ಲ, ಇರುವೆ. ತಾಯಿಯ ಉಸಿರು ನಿಂತಮೇಲೂ ಸಾಲು ಮುಗಿಯಲಿಲ್ಲವೆಂದು ಜನ ಚಮಚ ಹಾಕುತ್ತಲೇ ಇದ್ದರು. ತುಂಬಿದ ಬಾಯಿ ತುಳುಕಿ, ಪಾಕ ಕಿವಿಯವರೆಗೆ ಇಳಿದು, ಇರುವೆಗಳು ದಾರಿ ಮಾಡಿಕೊಂಡಿದ್ದವು. ‘ಎಷ್ಟು ಚೆನ್ನಾಗಿದ್ದಾಳೆ ನೋಡಿ’ ಎಂದಿದ್ದಳು ಹಿರಿಯಮ್ಮ. ಅವತ್ತಿನಿಂದ ಮಗಳು ಸಿಹಿ ತಿನ್ನಲಿಲ್ಲ. ಪಾಕದವನ ಮನೆಯಲ್ಲಿ ಹುಟ್ಟಿ ಬೆಲ್ಲ ಕಂಡರೆ ಹೊಟ್ಟೆ ತೊಳಸುವ ಮಗಳು. ಕೇಳಿದವರಿಗೆ ಮಾತ್ರ, ಚೆನ್ನಾಗಿದ್ದೀನಿ.

ಒಂದು ಬೆಳಿಗ್ಗೆ ಊರಿಗೆ ಮದ್ದು ಕೊಡುವ ಪಂಡಿತರು ಪಾಕದ ಮನೆಗೆ ಬಂದು ಬಾಗಿಲಲ್ಲೇ ನಿಂತರು. ಅಪ್ಪ ಕೊಪ್ಪರಿಗೆಯ ಮುಂದೆ ಕುಳಿತಿದ್ದ. ಕೆಲವು ದಿನಗಳಿಂದ ಅವನ ಹೊಟ್ಟೆಯಲ್ಲಿ ಏನೋ ಗಟ್ಟಿಯಾಗಿತ್ತು. ಹಿಂದಿನ ದಿನ ಪಂಡಿತರು ಮುಟ್ಟಿ ನೋಡಿ ಏನೂ ಹೇಳದೆ ಹೋಗಿದ್ದರು.

“ಒಂದೆಳೆ ಇಡಬೇಕಲ್ಲ,” ಎಂದರು ಪಂಡಿತರು.

“ಇಡೋಣಂತೆ. ಯಾರ ಮನೆಗೆ?”

ಪಂಡಿತರು ಒಲೆಯ ಕಡೆ ನೋಡುತ್ತ ನಿಂತರು.

“ಯಾರ ಮನೆಗೆ ಸ್ವಾಮಿ? ದೊಡ್ಡ ಮನೆತನ ಆದ್ರೆ ಈಗಿರೋ ಬೆಲ್ಲ ಸಾಲೋದಿಲ್ಲ.”

“ಇದೇ ಮನೆಗೆ.”

ಅಪ್ಪನ ಕೈ ನಿಂತಿತು. ಅವನು ಮೊದಲು ನೋಡಿದ್ದು ಮಗಳನ್ನು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಇವಳಿಗಾ?”

“ಅಲ್ಲಪ್ಪ. ನಿಮಗೆ.”

“ಓ, ನಂಗಾ,” ಎಂದು ಅಪ್ಪ ಉಸಿರು ಬಿಟ್ಟ. ಮತ್ತೆ ಸೌಟು ತಿರುಗಿಸತೊಡಗಿದ. ಪಂಡಿತರು ಕಟ್ಟಳೆಯಂತೆ “ಚೆನ್ನಾಗಿದ್ದೀರಾ?” ಎಂದರು. ಅಪ್ಪ ಕಟ್ಟಳೆಯಂತೆ “ಚೆನ್ನಾಗಿದ್ದೀನಿ” ಎಂದ. ಮೊದಲ ದಿನದ ತನ್ನ ಪಾಕವನ್ನು ತಾನೇ ಕಾಯಿಸಿದ. ಬೆರಳ ನಡುವೆ ಎಳೆದು ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿ, “ನೋಡು, ಒಂದೇ ಎಳೆ,” ಎಂದ. ಮಗಳು ಹಿತ್ತಿಲಿಗೆ ಓಡಿಹೋಗಿ ವಾಂತಿ ಮಾಡಿದಳು.

ಅಪ್ಪ ಏಳಲಾರದ ಹಾಗಾದಾಗ ಊರಿಗೆ ಹೊಸ ಪಾಕದವ ಬಂದ. ದಪ್ಪ ಕುತ್ತಿಗೆಯ, ಶ್ರದ್ಧೆಯ ಮನುಷ್ಯ. ಬೆಳಗಾಗುವ ಮೊದಲೇ ಎದ್ದು ಒಲೆ ಹಚ್ಚುತ್ತಿದ್ದ. ಆದರೆ ಅವನ ಕೈಗೆ ಒಂದೆಳೆ ದಕ್ಕಲಿಲ್ಲ. ಅವನು ಇಳಿಸುವ ಹೊತ್ತಿಗೆ ಎರಡೆಳೆ ದಾಟಿ ಗೋಂದಾಗಿರುತ್ತಿತ್ತು. ಆ ಗೋಂದನ್ನು ಅವನು ದಿನಾ ಹೆಮ್ಮೆಯಿಂದ ಹೊತ್ತುಕೊಂಡು ಬಂದು, “ಹೆಂಗಿದೆ ಪಾಕ?” ಎಂದು ಎಲ್ಲರನ್ನೂ ಕೇಳುತ್ತಿದ್ದ. ಎಲ್ಲರೂ “ಚೆನ್ನಾಗಿದೆ” ಎನ್ನುತ್ತಿದ್ದರು. ಅವನು ಕಲಿಯುವುದಾದರೂ ಹೇಗೆ? ಪಾಕ ಚೆನ್ನಾಗಿಲ್ಲ ಎನ್ನಲು ಆ ಊರಿನಲ್ಲಿ ಬಾಯೇ ಇರಲಿಲ್ಲ. ಹೀಗೆ ಅವನ ಪಾಕ ದಿನದಿಂದ ದಿನಕ್ಕೆ ಬಿರುಸಾಯಿತು, ಅಪ್ಪನ ಗಂಟಲು ದಿನದಿಂದ ದಿನಕ್ಕೆ ಕಿರಿದಾಯಿತು.

ಬೆಳಿಗ್ಗೆ ಸಾಲು ಬರುತ್ತಿತ್ತು. ಮುಂದೆ ಹಿರಿಯಮ್ಮ. ಮೈತುಂಬ ಗಂಧ ಬಳಿದುಕೊಂಡು, ತಲೆತುಂಬ ಮಲ್ಲಿಗೆ ಮುಡಿದು ಅವಳು ಒಳಗೆ ಬಂದರೆ ಮನೆ ಉಸಿರುಗಟ್ಟುತ್ತಿತ್ತು. ಬೆಳ್ಳಿಯ ಚಮಚ ಒಂದೇ. ಅದನ್ನು ಒಬ್ಬರು ಅದ್ದಿ, ಬಾಯಿಗೆ ಹಾಕಿ, ಸೆರಗಿಗೋ ಪಂಚೆಗೋ ಒರೆಸಿ ಇನ್ನೊಬ್ಬರಿಗೆ ಕೊಡುತ್ತಿದ್ದರು. ಚಮಚ ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು. ಚೆನ್ನಾಗಿದ್ದೀರಾ? ಚೆನ್ನಾಗಿದ್ದೀನಿ. ಚೆನ್ನಾಗಿದ್ದೀರಾ? ಚೆನ್ನಾಗಿದ್ದೀನಿ. ಅಪ್ಪನ ತುಟಿಯ ಅಂಚಿನಲ್ಲಿ ಪಾಕ ಒಣಗಿ ಹಕ್ಕಳೆಗಟ್ಟಿತ್ತು. ನೊಣಗಳು ಅದರ ಮೇಲೆ ಕುಳಿತು ಕಾಲು ಅಂಟಿಕೊಂಡು ಏಳಲಾರದೆ ಗುಂಯ್‌ಗುಡುತ್ತಿದ್ದವು. ನಗುವ ಮುಖಗಳು ಬಗ್ಗುತ್ತಿದ್ದವು, ಏಳುತ್ತಿದ್ದವು. ಮೂಲೆಯಲ್ಲಿ ನಿಂತ ಮಗಳಿಗೆ ಆ ಒಂದೊಂದು ನಗುವೂ ನೆಕ್ಕಿ ಬಿಟ್ಟ ತಟ್ಟೆಯ ಹಾಗೆ ಕಾಣುತ್ತಿತ್ತು.

ಊರಿನವರ ಮೇಲೆ ಹೇಸಿಗೆಪಟ್ಟುಕೊಳ್ಳುವುದು ಸುಲಭ. ಅವಳಿಗೆ ತಡೆಯಲಾಗದ್ದು ಬೇರೆ ಇತ್ತು. ಅವಳಿಗೆ ಅಪ್ಪನೂ ಹೇಸಿಗೆಯಾಗಿದ್ದ. ಸಾಲು ಹೋದಮೇಲೆ ಅವನು ನುಂಗಿದ್ದನ್ನೆಲ್ಲ ಕಕ್ಕುತ್ತಿದ್ದ. ಕಪ್ಪಗೆ, ಎಳೆ ಎಳೆಯಾಗಿ, ಬೆಲ್ಲ ಮತ್ತು ಕೀವು ಕೂಡಿದ ವಾಸನೆಯಲ್ಲಿ. ಅವಳು ಬಟ್ಟೆಯಿಂದ ಬಾಚಿ ತೆಗೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದಳು, ಮುಖ ಆಚೆ ತಿರುಗಿಸುತ್ತಿದ್ದಳು. ತನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಮೈಯನ್ನು ಮುಟ್ಟಿದ ಕೈಯನ್ನು ಬೂದಿ ಹಾಕಿ ಉಜ್ಜುತ್ತಿದ್ದಳು. ಆಮೇಲೆ ಆ ಕೈ ನೋಡಿಕೊಂಡು ತನ್ನ ಮೇಲೇ ಅಸಹ್ಯಪಡುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಮಲಗಿರುತ್ತಿದ್ದ. ಅವನಿಗೆ ಎಲ್ಲ ಗೊತ್ತಾಗುತ್ತಿತ್ತು ಎಂದು ಅವಳಿಗೂ ಗೊತ್ತಿತ್ತು.

ಆ ಬಟ್ಟೆಗಳನ್ನು ಊರಿನೊಳಗೆ ಒಗೆಯುವ ಹಾಗಿರಲಿಲ್ಲ. ಊರ ಕೆರೆಯ ನೀರಿಗೂ ಪನ್ನೀರು ಬೆರೆಸುತ್ತಿದ್ದ ಜನ ಅವರು. ಅವಳು ಬಟ್ಟೆಗಳನ್ನು ಗಂಟು ಕಟ್ಟಿಕೊಂಡು ಗೋಡೆಯ ಬಾಗಿಲಿಗೆ ಹೋದಳು. ಬಾಗಿಲು ಕಾಯುವವನು “ಚೆನ್ನಾಗಿದ್ದೀಯಾ?” ಎಂದ. “ಚೆನ್ನಾಗಿದ್ದೀನಿ,” ಎಂದಳು. ಅವನು ಗಂಟಿನ ಕಡೆ ನೋಡಿ, “ಒಳ್ಳೇ ಪರಿಮಳ,” ಎಂದು ಮೂಗು ಮುಚ್ಚಿಕೊಂಡು ಬಾಗಿಲು ತೆಗೆದ.

ಗೋಡೆಯ ಆಚೆ ಊರಿನ ಗುಂಡಿ ಇತ್ತು. ಊರು ತನ್ನಲ್ಲಿ ಇಲ್ಲವೆಂದುಕೊಂಡಿದ್ದನ್ನೆಲ್ಲ ಅಲ್ಲಿಗೆ ಎಸೆದಿತ್ತು. ಸೀದ ಪಾಕ, ಹುಳ ಬಿದ್ದ ಕುಂಬಳ, ಕೊಳೆತ ಮಲ್ಲಿಗೆಯ ರಾಶಿ, ಸತ್ತುಹುಟ್ಟಿದ ಒಂದು ಕರು. ಅವಳು ಕಾಲಿಡುತ್ತಲೇ ನಾತ ಮುಖಕ್ಕೆ ಹೊಡೆಯಿತು. ಬಗ್ಗಿ, ಹೊಟ್ಟೆ ಹಿಡಿದುಕೊಂಡು, “ಥೂ,” ಎಂದಳು.

ಎಂದವಳೇ ಬಾಯಿ ಮುಚ್ಚಿಕೊಂಡಳು. ಗೋಡೆಯೊಳಗೆ ಹಾಗೆನ್ನಲು ಅವಳಿಗೆ ಒಂದು ದಿನವೂ ಆಗಿರಲಿಲ್ಲ. ಸುತ್ತ ನೋಡಿದಳು. ಕೆಸುವಿನ ಎಲೆಯ ಕೆಳಗೆ ಒಂದು ಕಪ್ಪೆ ಕುಳಿತಿತ್ತು. ಅದು ಅವಳನ್ನು ನೋಡಿತು, ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ. ಅವಳು ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ, “ಥೂ, ನಾತ,” ಎಂದಳು. ಕಪ್ಪೆ ಗಂಟಲು ಉಬ್ಬಿಸಿ ಇಳಿಸಿತು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತಳು. ತಾಯಿ ಸತ್ತಾಗ ಅಳದೆ ಉಳಿದಿದ್ದನ್ನೂ ಸೇರಿಸಿ ಅತ್ತಳು.

ಗುಂಡಿಯ ಅಂಚಿನಲ್ಲಿ ಒಂದು ಬೇವಿನ ಮರವಿತ್ತು. ಅದರ ಬುಡದಿಂದ ಸಣ್ಣ ಒರತೆಯೊಂದು ಜಿನುಗಿ, ಕಲ್ಲುಗಳ ನಡುವೆ ಹರಿದು ಹೋಗುತ್ತಿತ್ತು. ಅವಳು ಅಲ್ಲಿ ಬಟ್ಟೆ ಒಗೆದಳು. ಬಟ್ಟೆಯಿಂದ ಬಿಟ್ಟ ಕಪ್ಪನ್ನು ಸಣ್ಣ ಮೀನುಗಳು ಬಂದು ತಿಂದವು. ಒಗೆದು ಕುಳಿತು ಕರುವಿನ ಕಡೆ ನೋಡಿದಳು. ನೋಡಲಾಗದೆ ಮುಖ ತಿರುಗಿಸಿ ಮತ್ತೆ ನೋಡಿದಳು. ಹಸಿರು ಬೆನ್ನಿನ ದುಂಬಿಗಳು ಅದರ ಹೊಟ್ಟೆಯಲ್ಲಿ ಓಡಾಡುತ್ತಿದ್ದವು. ಅವುಗಳಿಗೆ ಅವಸರವಿರಲಿಲ್ಲ. ಒಂದು ಸಗಣಿ ಹುಳು ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಲ್ಲಿ ನೂಕಿಕೊಂಡು ಹೋಗುತ್ತಿತ್ತು, ಉರುಳಿ ಬಿದ್ದರೆ ಸುತ್ತಿ ಬಂದು ಮತ್ತೆ ಹೆಗಲು ಕೊಡುತ್ತಿತ್ತು. ಅದಕ್ಕೆ ಹೇಸಿಗೆ ಇತ್ತೋ ಇಲ್ಲವೋ, ಕೆಲಸವಂತೂ ಬಿಡಲಿಲ್ಲ. ಮಗಳು ಬಿಸಿಲೇರುವ ತನಕ ಅದನ್ನೇ ನೋಡುತ್ತಾ ಕುಳಿತಿದ್ದಳು. ಮನೆಗೆ ಬರುವಾಗ ಅವಳ ಹೊಟ್ಟೆ ತೊಳಸುತ್ತಿರಲಿಲ್ಲ.

ದಿನಾ ಹೋಗತೊಡಗಿದಳು. ಬಟ್ಟೆ ಇದ್ದರೂ ಹೋದಳು, ಇಲ್ಲದಿದ್ದರೂ ಒಂದು ನೆಪದ ಗಂಟು ಕಟ್ಟಿಕೊಂಡು ಹೋದಳು.

“ನಿನ್ನ ಮೈಯಿಂದ ಬೇರೆ ಥರ ಪರಿಮಳ ಬರ್ತಿದೆ,” ಎಂದ ಅಪ್ಪ ಒಂದು ದಿನ. ಮನೆಯಲ್ಲಿ ಇಬ್ಬರೇ ಇದ್ದರು. “ಎಲ್ಲಿಗೆ ಹೋಗ್ತೀಯ?”

ಅವಳು ಹೇಳಿದಳು. ಮೊದಲು ಅಳುಕಿ, ಆಮೇಲೆ ಒಂದನ್ನೂ ಬಿಡದೆ ಹೇಳಿದಳು. ಕಪ್ಪೆ, ಕರು, ಹಸಿರು ದುಂಬಿ, ಮೀನು. ಅಪ್ಪ ಕಣ್ಣು ತೆರೆದುಕೊಂಡು ಕೇಳಿದ. ಮಾರನೆಯ ದಿನ ಸಾಲು ಹೋಗಿ ಕಕ್ಕಿದ್ದನ್ನು ಬಾಚಿದಮೇಲೆ ಅವನೇ ಕೇಳಿದ: “ಕರು ಎಲ್ಲೀವರೆಗೆ ಬಂತು?”

“ಕಣ್ಣು ಹೋಯ್ತಪ್ಪ. ಕಾಗೆ ಬಂದಿತ್ತು.”

“ಇನ್ನೇನೇನು ಉಳಿದಿದೆ?”

“ಪಕ್ಕೆಲುಬು ಕಾಣ್ತಿದೆ. ಒಳಗೆ ಗರಿಕೆ ಹುಟ್ಟಿದೆ.”

“ಎಲುಬಿನ ಒಳಗಾ?”

“ಒಳಗೇ. ಎಳೇ ಗರಿಕೆ.”

“ಎಷ್ಟು ಬೇಗ,” ಎಂದ ಅಪ್ಪ. ಅದರಲ್ಲಿ ಭಯವಿರಲಿಲ್ಲ. ಒಲೆಯ ಮುಂದೆ ಕುಳಿತು ಪಾಕ ಎಲ್ಲಿಗೆ ಬಂತೆಂದು ಕೇಳುವ ದನಿಯೇ ಅದು.

ಅವಳು ಬೇವಿನ ಹೂ ತಂದಳು. ಅವನು ಒಂದನ್ನು ನಾಲಗೆಯ ಮೇಲೆ ಇಟ್ಟುಕೊಂಡ. ಮುಖ ಹಿಂಡಿದ, ಕಣ್ಣಲ್ಲಿ ನೀರು ಬಂತು, ಆಮೇಲೆ ಇನ್ನೊಂದು ಕೊಡು ಎಂದು ಕೈ ಚಾಚಿದ. ಎಷ್ಟೋ ದಿನಗಳ ಮೇಲೆ ಹೊಟ್ಟೆಯಲ್ಲಿ ನಿಂತದ್ದು ಅದೊಂದೇ. ಬಾಯಿಗೆ ರುಚಿ ಬಂತೆಂದು ಗಂಜಿಯನ್ನೂ ಎರಡು ಗುಟುಕು ಕುಡಿದ. ಮಗಳಿಗೆ ಆ ದಿನ ಜಗತ್ತನ್ನೇ ಗೆದ್ದಷ್ಟು ಸಂತೋಷವಾಯಿತು.

ಬೆಳಿಗ್ಗೆ ಹಿರಿಯಮ್ಮ ಚಮಚ ಹಾಕಲು ಬಗ್ಗಿದವಳು ಹಾಗೇ ನಿಂತಳು. ಅಪ್ಪನ ಹಲ್ಲಿಗೆ ಒಂದು ಬೇವಿನ ಎಸಳು ಅಂಟಿಕೊಂಡಿತ್ತು. ಅವಳು ಅದನ್ನು ಉಗುರಿನಿಂದ ಕಿತ್ತು ನೆಲಕ್ಕೆ ಹಾಕಿ ಕಾಲಲ್ಲಿ ತಿಕ್ಕಿದಳು. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದಳು.

“ನಿಮ್ಮಪ್ಪ ಇಷ್ಟು ವರ್ಷ ಊರಿಗೆಲ್ಲ ಪಾಕ ಕಾಯಿಸಿದೋರು. ಕೊನೇಗಾಲದಲ್ಲಿ ಅವರ ಹೆಗಲು ಕಳೀಬೇಡ ಮಗೂ.”

“ಅವರಿಗೆ ಗಂಟಲಲ್ಲಿ ಇಳೀತಿಲ್ಲ ಹಿರಿಯಮ್ಮ. ಪಾಕ ಸ್ವಲ್ಪ…”

“ಪಾಕ ಏನು?”

ಹೊಸ ಪಾಕದವ ಅಲ್ಲೇ ಕೊಪ್ಪರಿಗೆ ಹಿಡಿದುಕೊಂಡು ಆಸೆಯ ಕಣ್ಣಿನಿಂದ ನೋಡುತ್ತಿದ್ದ. ಊರೆಲ್ಲ ನೋಡುತ್ತಿತ್ತು.

“ಚೆನ್ನಾಗಿದೆ,” ಎಂದಳು ಮಗಳು. ಹಾಗೆಂದ ತನ್ನ ನಾಲಗೆಯನ್ನು ಕಿತ್ತು ಗುಂಡಿಗೆ ಎಸೆಯಬೇಕು ಅನ್ನಿಸಿತು ಅವಳಿಗೆ.

ಹಿರಿಯಮ್ಮ ಅವಳ ಗಲ್ಲ ಸವರಿದಳು. ಅಷ್ಟು ಹತ್ತಿರ ಬಂದಾಗ ಗಂಧ, ಮಲ್ಲಿಗೆ, ಪನ್ನೀರು ಎಲ್ಲದರ ಅಡಿಯಿಂದ ಇನ್ನೇನೋ ಮಗಳ ಮೂಗಿಗೆ ಬಂತು. ಎಲ್ಲೋ ಬಲ್ಲ ವಾಸನೆ. ದಿನಾ ಗಂಟು ಕಟ್ಟುವ ವಾಸನೆ. ಅಪ್ಪನ ಹಾಸಿಗೆಯದೇ ಇರಬೇಕೆಂದು ಅವಳು ಅದನ್ನು ಅಲ್ಲಿಗೇ ಬಿಟ್ಟಳು.

ಆಮೇಲಿನ ಒಂದು ಬೆಳಿಗ್ಗೆ ಪಾಕ ಅಪ್ಪನ ಗಂಟಲಿಗೆ ಕಚ್ಚಿಕೊಂಡಿತು. ಅವನ ಮುಖ ಕೆಂಪಾಗಿ, ನೀಲಿಯಾಗಿ, ಕಾಲುಗಳು ಚಾಪೆಯನ್ನು ಒದೆಯತೊಡಗಿದವು. ಚಮಚ ಹಿಡಿದವರು ಗಾಬರಿಯಾದರು. ಗಾಬರಿಯಾದಾಗ ಅವರಿಗೆ ಗೊತ್ತಿದ್ದದ್ದು ಒಂದೇ. “ಚೆನ್ನಾಗಿದ್ದೀರಾ? ಚೆನ್ನಾಗಿದ್ದೀರಾ?” ಎಂದು ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ಉತ್ತರ ಬರಲಿಲ್ಲವೆಂದು ಯಾರೋ ಇನ್ನೊಂದು ಚಮಚ ಅದ್ದಿದರು. ಮಗಳು ಅವರನ್ನೆಲ್ಲ ನೂಕಿ, ಅಪ್ಪನನ್ನು ಬೋರಲು ಮಾಡಿ, ಎರಡು ಬೆರಳನ್ನು ಗಂಟಲೊಳಗೆ ತೂರಿಸಿ ಎಳೆದಳು. ಕೈಯುದ್ದದ ಕಂದು ಎಳೆ ಬಂತು, ಲೋಳೆ ರಕ್ತ ಕೂಡಿದ್ದು. ಅಪ್ಪ ಉಸಿರೆಳೆದುಕೊಂಡ. ಅವಳು ಆ ಎಳೆಯನ್ನು ಎತ್ತಿ ಹಿಡಿದು ಊರಿನವರಿಗೆ ತೋರಿಸಿದಳು. ಎಲ್ಲರೂ ಕಣ್ಣು ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು, “ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ,” ಎನ್ನುತ್ತ ಹೊರಗೆ ಹೋದರು. ಈ ಸಲ ಕೈಗೆ ಬೂದಿ ಹಾಕುವುದು ಅವಳಿಗೆ ಮರೆತುಹೋಯಿತು.

“ನನ್ನ ಅಲ್ಲಿಗೆ ಕರ್ಕೊಂಡು ಹೋಗು,” ಎಂದ ಅಪ್ಪ, ದನಿ ಬಂದಮೇಲೆ.

“ಎಲ್ಲಿಗೆ?”

“ನೀನು ದಿನಾ ಹೋಗೋ ಕಡೆಗೆ.”

“ಪಾಕ ಬಿಟ್ಟು ನೀನು ಆ ಬಾಗಿಲು ದಾಟಿದ್ರೆ ಊರು ಸುಮ್ಮನಿರುತ್ತಾ ಅಪ್ಪ? ಹೆಗಲು ಸಿಗೋದಿಲ್ಲ.”

“ಸತ್ತ ಮೇಲಾದ್ರೆ ನಾಲ್ಕು ಬೇಕು,” ಎಂದ ಅಪ್ಪ. “ಈಗಾದ್ರೆ ಒಂದು ಸಾಕು. ನೋಡು, ನಾನು ಎಷ್ಟಿದ್ದೀನಿ.”

ಅವಳು ನೋಡಿದಳು. ಹೊದಿಕೆಯ ಕೆಳಗೆ ಅವನು ಒಂದು ಬಟ್ಟೆಗಂಟಿನಷ್ಟೇ ಇದ್ದ.

ಬೆಳಿಗ್ಗೆ, ಸಾಲು ಹೊರಡುವ ಹೊತ್ತಿಗೇ, ಅವಳು ಅವನನ್ನು ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಅವನ ಗಲ್ಲ ಅವಳ ಹೆಗಲ ಮೇಲಿತ್ತು. ಉಸಿರು ನೇರವಾಗಿ ಮೂಗಿಗೆ ಬರುತ್ತಿತ್ತು. ಸಹಿಸಲಾಗುತ್ತಿರಲಿಲ್ಲ. ಅವಳು ಮುಖ ತಿರುಗಿಸಲಿಲ್ಲ. ಬೀದಿಯ ಎರಡೂ ಬದಿಯ ಜಗುಲಿಗಳಲ್ಲಿ ಜನ ಎದ್ದು ನಿಂತರು. ಚೆನ್ನಾಗಿದ್ದೀರಾ? ಚೆನ್ನಾಗಿದ್ದೀರಾ? ಇಬ್ಬರೂ ಮಾತಾಡಲಿಲ್ಲ. ಗೋಡೆಯ ಬಾಗಿಲಲ್ಲಿ ಹಿರಿಯಮ್ಮ ಚಮಚ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಹೊಸ ಪಾಕದವ, ಬೀದಿಯ ತುಂಬ ಊರು. ಹಿರಿಯಮ್ಮ ಚಮಚವನ್ನು ಅಪ್ಪನ ಬಾಯಿಗೆ ಹಾಕಿ ಕೇಳಿದಳು:

“ಚೆನ್ನಾಗಿದ್ದೀರಾ?”

ಅಪ್ಪ ಪಾಕವನ್ನು ನಾಲಗೆಯಲ್ಲಿ ಒಂದು ಸುತ್ತು ತಿರುಗಿಸಿದ. ಆಮೇಲೆ ಮಗಳ ಹೆಗಲ ಮೇಲಿಂದ ಬಗ್ಗಿ ಬಾಗಿಲ ಹೊಸ್ತಿಲಿನ ಮೇಲೆ ಉಗಿದ.

“ಚೆನ್ನಾಗಿಲ್ಲ,” ಎಂದ.

ಆ ಊರಿನ ಕಿವಿಗೆ ಆ ಮಾತು ಬಿದ್ದು ತಲೆಮಾರುಗಳೇ ಆಗಿದ್ದವು.

“ಏನು ಚೆನ್ನಾಗಿಲ್ಲ?” ಎಂದ ಹೊಸ ಪಾಕದವ.

“ಪಾಕ. ಉರಿ ಜಾಸ್ತಿ ಮಾಡ್ತೀಯ. ಗಂಟಲಿಗೆ ಕಚ್ಕೊಳ್ಳತ್ತೆ.” ಅಪ್ಪ ಉಸಿರು ತೆಗೆದುಕೊಂಡ. “ನಾನೂ ಚೆನ್ನಾಗಿಲ್ಲ. ನಡಿ ಮಗಳೇ.”

“ಹೆಗಲು ಹೋಯ್ತು,” ಎಂದಳು ಹಿರಿಯಮ್ಮ. ಅವಳ ತುಟಿ ಬಿಳಿಚಿಕೊಂಡಿತ್ತು. “ನಿಮ್ಮಪ್ಪನ ಹೆಣಕ್ಕೆ ಈ ಊರಿನ ಒಂದು ಹೆಗಲೂ ಇಲ್ಲ.”

“ನಿಮ್ಮ ಹೆಗಲು ನೀವೇ ಇಟ್ಕೊಳ್ಳಿ,” ಎಂದಳು ಮಗಳು. “ಅಂಟಂಟು.”

ಗುಂಡಿಯ ಅಂಚಿಗೆ ಬಂದು ಅವಳು ಅಪ್ಪನನ್ನು ಬೇವಿನ ಬುಡಕ್ಕೆ ಒರಗಿಸಿದಳು. ಒರತೆಯ ನೀರಿನಲ್ಲಿ ಸೆರಗು ಅದ್ದಿ ಅವನ ತುಟಿಯ ಹಕ್ಕಳೆಯನ್ನು ನೆನೆಸಿ ನೆನೆಸಿ ತೆಗೆದಳು. ಅದರಡಿಯ ತುಟಿ ಕಾಣಿಸಿತು, ಒಡೆದು ತೆಳ್ಳಗಾದ, ಮನುಷ್ಯರ ತುಟಿ. ಅವನು ಕರುವನ್ನು ನೋಡಬೇಕೆಂದ. ಪಕ್ಕೆಲುಬಿನ ಗೂಡಿನಲ್ಲಿ ಗರಿಕೆ ಈಗ ಗೇಣುದ್ದ ಬೆಳೆದು, ಗಾಳಿ ಬಂದಾಗ ಎಲುಬಿಗೆ ತಾಗಿ ಸದ್ದು ಮಾಡುತ್ತಿತ್ತು. ಕಪ್ಪೆ ಇತ್ತು, ದುಂಬಿಗಳು ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದವು. ಅಪ್ಪ ಬಹಳ ಹೊತ್ತು ನೋಡಿದ.

“ಇಲ್ಲಿ ನಾತ ಇದೆ,” ಎಂದ. ಆ ಮಾತನ್ನು ಬಾಯಲ್ಲಿ ಆಡಿದ್ದು ಅದೇ ಮೊದಲು. ಬೇವಿನ ಹೂವಿನಷ್ಟೇ ಎಚ್ಚರದಿಂದ ಅದನ್ನು ನಾಲಗೆಯ ಮೇಲಿಟ್ಟು ನೋಡಿದ.

“ಇದೆಯಪ್ಪ.”

“ನನ್ನಿಂದಾನೂ ಬರ್ತಿದೆಯಾ?”

ಮಗಳು ಅವನ ಮುಖ ನೋಡಿದಳು. “ಬರ್ತಿದೆ.”

“ತುಂಬಾನಾ?”

“ತುಂಬಾ.”

“ನಿಂಗೆ ಹೇಸಿಗೆ ಆಗಲ್ವಾ?”

“ಆಗತ್ತಪ್ಪ. ಮೊದಲಿಂದಾನೂ ಆಗ್ತಿತ್ತು.”

“ಗೊತ್ತಿತ್ತು,” ಎಂದ ಅಪ್ಪ. ಅವನ ಭುಜ ಸಡಿಲವಾಯಿತು. ಗಂಟಲಲ್ಲಿ ಏನೋ ಅಲುಗಿ, ಅದು ಕೆಮ್ಮೆಂದು ಅವಳು ಹೆದರಿ ಹತ್ತಿರ ಬಗ್ಗಿದರೆ, ಅದು ನಗು. “ಮತ್ತೆ ಇಷ್ಟು ಹತ್ತಿರ ಕೂತಿದ್ದೀಯಲ್ಲೇ.”

“ಕೂತಿದ್ದೀನಿ.”

ಅವನು ತಲೆಯನ್ನು ಅವಳ ಮಡಿಲಿಗೆ ಇಳಿಸಿದ. ಬೇವಿನ ಹೂ ಉದುರುತ್ತಿತ್ತು, ಅವನ ಮೇಲೆ, ಕರುವಿನ ಮೇಲೆ, ಕೊಳೆತ ಕುಂಬಳದ ಮೇಲೆ. ಒಮ್ಮೆ ಅವನು ಹೆಬ್ಬೆರಳು ತೋರುಬೆರಳನ್ನು ಜೋಡಿಸಿ ಮೆಲ್ಲಗೆ ಬಿಡಿಸಿದ, ನಡುವೆ ಎಳೆ ಬಂತೋ ಎಂದು ನೋಡುವವನ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅವನ ಬೆರಳು ಬಿಡಿಸಿದ ಹಾಗೇ ಉಳಿಯಿತು. ಬಾಯಿ ಖಾಲಿಯಾಗಿತ್ತು, ಸ್ವಚ್ಛವಾಗಿತ್ತು. ಅವಳು ಇರುವೆ ಬರುತ್ತದೋ ಎಂದು ಕಾದಳು. ಬಂದ ಒಂದು ಇರುವೆ ಅವನ ಗಲ್ಲ ಹತ್ತಿ, ಸುತ್ತಿ, ಅಲ್ಲಿ ಅದಕ್ಕೇನೂ ಇಲ್ಲವೆಂದು ಇಳಿದುಹೋಯಿತು.

ಮಣ್ಣು ಮೆತ್ತಗಿತ್ತು. ಊರಿನ ಕೊಳೆಯೆಲ್ಲ ಕಳಿತು ಕಪ್ಪಾಗಿದ್ದ ಮಣ್ಣು, ಕೈಯಲ್ಲೇ ಅಗೆಯಲು ಬಂತು. ನಾಲ್ಕು ಹೆಗಲು ಬೇಕಾಗಲಿಲ್ಲ. ಎರಡು ಮಾರು ಎಳೆಯುವುದಿತ್ತು, ಎಳೆದಳು. ಮುಚ್ಚಿ, ಮೇಲೆ ಗರಿಕೆಯ ಒಂದು ಬುಡ ನೆಟ್ಟು, ಒರತೆಯ ಹತ್ತಿರ ಕೈ ತೊಳೆಯಲು ಕುಳಿತಳು.

ಆಗ ಬಾಗಿಲು ಕಿರುಗುಟ್ಟಿತು. ಸಂಜೆಯ ಬಿಸಿಲಿನಲ್ಲಿ ಹಿರಿಯಮ್ಮ ಒಬ್ಬಳೇ ಬರುತ್ತಿದ್ದಳು. ತಲೆಯಲ್ಲಿ ಮಲ್ಲಿಗೆ ಇರಲಿಲ್ಲ. ಮಗಳಿಗೆ ಮೈ ಉರಿಯಿತು. ಇಲ್ಲಿಗೂ ಚಮಚ ತಂದಳೇ ಎಂದು ಒಂದು ಕಲ್ಲನ್ನು ಕೈಗೆ ತೆಗೆದುಕೊಂಡಳು.

ಹಿರಿಯಮ್ಮ ಹತ್ತಿರ ಬಂದು ನಿಂತಳು. ರೂಢಿಯಲ್ಲಿ ಬಾಯಿ ತಾನೇ ತೆರೆದುಕೊಂಡಿತು. “ಚೆನ್ನಾಗಿದ್…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕೈಯಲ್ಲಿ ಚಮಚ ಇರಲಿಲ್ಲ. ಸೆರಗಿನ ಒಳಗಿಂದ ಅವಳು ಒಂದು ಗಂಟನ್ನು ಹೊರಗೆ ತೆಗೆದಳು. ಬಿಗಿಯಾಗಿ ಕಟ್ಟಿದ, ಕೆಳಗೆ ಕಪ್ಪಗೆ ಒದ್ದೆಯಾದ ಬಟ್ಟೆಗಂಟು. ಅದರ ನಾತ ಅವಳ ಗಂಧವನ್ನು ದಾಟಿ ಮುಂದೆ ಬಂತು. ಅವಳ ಎಡಗೈ ತನ್ನ ಎದೆಯ ಒಂದು ಪಕ್ಕವನ್ನು ಒತ್ತಿ ಹಿಡಿದಿತ್ತು, ಬಹಳ ದಿನಗಳಿಂದ ಹಿಡಿದು ಅಭ್ಯಾಸವಾದ ಕೈ.

“ನೀನು ಎಲ್ಲಿ ಒಗೀತಿದ್ದೆ?” ಎಂದಳು.

ಮಗಳು ಆ ಮುಖ ನೋಡಿದಳು. ತಾಯಿಯ ಗಲ್ಲ ಹಿಡಿದು ಆಡಿಸಿದ್ದು ಇದೇ ಕೈ, ಬೇವಿನ ಎಸಳನ್ನು ಕಾಲಲ್ಲಿ ತಿಕ್ಕಿದ್ದು ಇದೇ ಕಾಲು. ಅವಳಿಗೆ ಹೇಸಿಗೆಯಾಯಿತು. ಹೊಟ್ಟೆಯ ತಳದಿಂದ ಹೇಸಿಗೆಯಾಯಿತು.

“ಇಲ್ಲೇ,” ಎಂದು ಕಲ್ಲನ್ನು ಕೆಳಗಿಟ್ಟು, ಸರಿದು ಜಾಗ ಬಿಟ್ಟಳು.